ಮನೆತನವೆಂಬ ಮಾತು ಮತ್ತು ಬಸವಣ್ಣನವರ ಬಂಧುಬಳಗ





ಬಸವಣ್ಣನವರ ವಚನಗಳಲ್ಲಿ ತಮ್ಮ ಬಂಧುಬಳಗವನ್ನು ತಾವೇ ಪರಿಚಯಿಸಿಕೊಡುವ ವಚನವೊಂದಿದೆ. ಶ್ರೀಮಠದ ಪ್ರವಚನಗಳಲ್ಲಿ ಅದನ್ನು ಕೇಳದ ಭಕ್ತರು ವಿರಳ. ಅದರಲ್ಲಿ ಅವರು ಮಾದಾರ ಚೆನ್ನಯ್ಯನವರನ್ನು ತಂದೆಯ ಸ್ಥಾನದಲ್ಲಿ ಇರಿಸುತ್ತಾರೆ. ಡೋಹರ ಕಕ್ಕಯ್ಯನವರನ್ನು ಮನೆಯ ಹಿರಿಯರನ್ನಾಗಿ ಕಾಣುತ್ತಾರೆ. ಕಿನ್ನರಿ ಬೊಮ್ಮಯ್ಯನವರನ್ನು ಅಣ್ಣನೆನ್ನುತ್ತಾರೆ. ಇಂಥ ಬಂಧುಗಳಿರುವ ತಮ್ಮನ್ನು ಗುರುತಿಸದೆ ಇರುವುದೇಕೆಂದು ಕೊನೆಯಲ್ಲಿ ಕೂಡಲಸಂಗಮದೇವನನ್ನೇ ಕೇಳುತ್ತಾರೆ. ಈ ವಚನದ ತಾತ್ಪರ್ಯವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಬಸವಣ್ಣನವರ ವಿನಯವನ್ನು, ಕಿಂಕರಭಾವವನ್ನು ಕೊಂಡಾಡಿ ಮುಂದಿನ ವಚನಕ್ಕೆ ಹೋಗಿಬಿಡುತ್ತೇವೆ. ಅದು ತಪ್ಪೆಂದು ಹೇಳಲಾರೆ. ಆದರೆ ಅಷ್ಟಕ್ಕೇ ನಿಂತರೆ ಮುಖ್ಯವಾದ ಸಂಗತಿಯೊಂದು ನಮ್ಮ ಕಣ್ತಪ್ಪಿ ಹೋಗುತ್ತದೆ.

ತಮಗೆ ಕುಲವೇ ಇಲ್ಲ, ಮನೆತನವೇ ಬೇಡ ಎಂದು ಬಸವಣ್ಣನವರು ಅಲ್ಲಿ ಹೇಳುತ್ತಿಲ್ಲ. ತಂದೆ, ಅಣ್ಣ ಎಂಬ ಮನೆಯೊಳಗಿನ ಮಾತುಗಳನ್ನೇ ಅವರು ಬಳಸುತ್ತಾರೆ. ಬಾಗೇವಾಡಿಯ ಅಗ್ರಹಾರದ ಪ್ರತಿಷ್ಠಿತ ಮನೆಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ಉಪನಯನವನ್ನು ನಿರಾಕರಿಸಿ ಕೂಡಲಸಂಗಮಕ್ಕೆ ನಡೆದವರು ಅವರು. ತಾವು ಬಿಟ್ಟುಬಂದ ಮನೆಯ ಹೆಸರನ್ನು ಅಳಿಸಿ, ಅದೇ ಜಾಗದಲ್ಲಿ ಬೇರೆ ಹೆಸರುಗಳನ್ನು ಬರೆದುಕೊಂಡರು. ಮಾದಾರ ಚೆನ್ನಯ್ಯನವರನ್ನು ನಮ್ಮ ಪರಂಪರೆಯು ಚೋಳನಾಡಿಗೆ ಸೇರಿದವರೆಂದೂ ಬಸವಣ್ಣನವರಿಗಿಂತ ಹಿಂದಿನವರೆಂದೂ ಹೇಳುತ್ತದೆ. ತಾವು ಕಣ್ಣಾರೆ ಕಾಣದ ಒಬ್ಬ ಚಮ್ಮಾರ ಭಕ್ತರನ್ನು ತಂದೆಯೆಂದು ಆರಿಸಿಕೊಂಡವರು ಕಲ್ಯಾಣದ ಭಂಡಾರಿಗಳು! ಮನುಷ್ಯನನ್ನು ಮೇಲಕ್ಕೋ ಕೆಳಕ್ಕೋ ಇರಿಸುವ ಶಕ್ತಿಯು ಅರಮನೆಗಿಂತ ಹೆಚ್ಚಾಗಿ ಮನೆಯೊಳಗಿದೆ ಎಂಬುದನ್ನು ಬಲ್ಲವರು ಮಾತ್ರ ಹೀಗೆ ಮಾಡಲು ಸಾಧ್ಯ.

ಈ ವಚನವನ್ನು ಕುರಿತು ಬರೆಯುವಂತೆ ನನ್ನನ್ನು ಪ್ರೇರೇಪಿಸಿದ ಪ್ರಸಂಗವೊಂದನ್ನು ಇಲ್ಲಿ ನಿವೇದಿಸಬೇಕು. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಬಳಿಕ ಶ್ರೀಮಠದ ವಧೂವರರ ನೋಂದಣಿಯ ಕಾರ್ಯವನ್ನು ಪೂಜ್ಯರು ನನಗೆ ವಹಿಸಿದರು. ಆ ಅರ್ಜಿಯ ನಮೂನೆಯನ್ನು ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬ. ಹೆಸರು, ವಯಸ್ಸು, ವಿದ್ಯಾಭ್ಯಾಸ, ಉದ್ಯೋಗ ಇವುಗಳ ನಂತರ 'ಒಳಪಂಗಡ' ಎಂಬ ಕಾಲಂ ಇತ್ತು. ಅದನ್ನು ಇಡಬೇಕೇ ಬೇಡವೇ ಎಂಬ ಚರ್ಚೆಯೂ ಆ ದಿನ ನಡೆಯಲಿಲ್ಲ. ಎಲ್ಲ ಕಡೆ ಇರುವಂತೆ ನಮ್ಮಲ್ಲಿಯೂ ಇತ್ತು, ಅಷ್ಟೇ.

ಕೆಲವು ವರುಷಗಳ ಹಿಂದೆ ಹೂಗಾರ ಮನೆತನದ ಸದ್ಭಕ್ತರೊಬ್ಬರು ತಮ್ಮ ಮಗಳ ಅರ್ಜಿಯನ್ನು ತಂದುಕೊಟ್ಟರು. ಮಗಳು ಇಂಜಿನಿಯರಿಂಗ್ ಓದಿ ಒಳ್ಳೆಯ ಉದ್ಯೋಗದಲ್ಲಿದ್ದವಳು. ಅದೇ ಊರಿನ ಅನುಕೂಲಸ್ಥ ಮನೆಯೊಂದರ ಹುಡುಗನೂ ಅದೇ ಓದು ಓದಿ ಅಂಥದೇ ಕೆಲಸದಲ್ಲಿದ್ದ. ಇಬ್ಬರಿಗೂ ಪರಸ್ಪರ ಒಪ್ಪಿಗೆಯಾಗಿತ್ತು. ಮಾತುಕತೆ ಅರ್ಧದಲ್ಲಿ ನಿಂತಾಗ ಕಾರಣವನ್ನು ತಿಳಿಯಲು ಹುಡುಗನ ಮನೆಗೆ ಹೋದೆ. ತಾಯಿಯವರು ಬಹಳ ಸೌಜನ್ಯದಿಂದ, ನಿಜವಾದ ಸಂಕೋಚದಿಂದ ಹೇಳಿದರು: "ಮಂದಿ ಭಾಳ ಛಲೋ ಅದಾರ್ರೀ ಅಣ್ಣಾರ, ಹುಡುಗೀನೂ ಬಂಗಾರದಂಥಾಕಿ. ಆದ್ರ ಅವರ ಮನೀ ಪದ್ಧತಿ ಬ್ಯಾರೆ ಐತ್ರಿ."

ಯಾವ ಪದ್ಧತಿ ಬೇರೆ ಎಂದು ನಾನು ಕೇಳಿದೆ. ಎರಡೂ ಮನೆಗಳಲ್ಲಿ ಕೊರಳಲ್ಲಿ ಇಷ್ಟಲಿಂಗವಿದೆ. ಎರಡೂ ಮನೆಗಳಲ್ಲಿ ಹಣೆಗೆ ವಿಭೂತಿಯಿಲ್ಲದೆ ಬೆಳಗಿನ ಪ್ರಸಾದವಿಲ್ಲ. ಮಾಂಸಾಹಾರ ಎರಡರಲ್ಲಿಯೂ ಇಲ್ಲ. ಶ್ರಾವಣದ ಪ್ರವಚನಕ್ಕೆ ಎರಡೂ ಕುಟುಂಬಗಳು ಬರುತ್ತವೆ. ನೋಡಿದರೆ ಲಿಂಗಪೂಜೆಯ ನಿಯಮವು ಹೂಗಾರರ ಮನೆಯಲ್ಲಿಯೇ ಒಂದಿಷ್ಟು ಹೆಚ್ಚು ಬಿಗಿ. ತಾಯಿಯವರಿಗೆ ಉತ್ತರ ತೋಚಲಿಲ್ಲ. ಒಳಗಿನಿಂದ ಅಜ್ಜಿಯೇ ಉತ್ತರ ಕೊಟ್ಟರು. ಆ ಹುಡುಗಿಯ ಅಜ್ಜ ದಿನವೂ ನಸುಕಿನಲ್ಲಿ ಈ ಮನೆಯ ಹಿತ್ತಿಲ ಬಾಗಿಲಿಗೆ ಬಂದು ಹೂವು ಪತ್ರಿ ಕೊಡುತ್ತಿದ್ದರಂತೆ; ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳವನ್ನು ಒಯ್ಯುತ್ತಿದ್ದರಂತೆ. ಅವರ ಮೊಮ್ಮಗಳು ಈಗ ತಲೆಬಾಗಿಲಿನಿಂದ ಸೊಸೆಯಾಗಿ ಬರಬೇಕೇ? ಅಜ್ಜಿಯ ಮಾತಿನಲ್ಲಿ ಕಹಿಯಿರಲಿಲ್ಲ. ಮಳೆ ಮೇಲಿನಿಂದ ಬೀಳುತ್ತದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು.

'ಪದ್ಧತಿ' ಎಂಬ ಮಾತಿನ ಅರ್ಥ ನನಗೆ ಆ ದಿನ ತಿಳಿಯಿತು. ಯಾರು ಯಾವ ಬಾಗಿಲಿನಿಂದ ಬಂದರು, ಯಾರು ನಿಂತುಕೊಂಡು ಮಾತನಾಡಿದರು, ಯಾರು ಕುಳಿತುಕೊಂಡು ಕೇಳಿದರು, ಯಾರು ಕೊಟ್ಟರು, ಯಾರು ಸೆರಗೊಡ್ಡಿ ಪಡೆದರು ಎಂಬ ನೆನಪೇ ಪದ್ಧತಿ. ಆ ನೆನಪನ್ನು ಮಕ್ಕಳಿಗೆ ಯಾರೂ ಪಾಠ ಮಾಡುವುದಿಲ್ಲ. ಅದು ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ಹಬ್ಬದ ಪಂಕ್ತಿಯಲ್ಲಿ ತಾನಾಗಿಯೇ ಮೈಗೂಡುತ್ತದೆ. ವೃತ್ತಿ ಬದಲಾಗಿದೆ, ಸಂಬಳ ಸಮನಾಗಿದೆ, ಆಯದ ಪದ್ಧತಿಯೇ ಕಣ್ಮರೆಯಾಗುತ್ತ ಬಂದಿದೆ; ಹಿತ್ತಿಲ ಬಾಗಿಲು ಮಾತ್ರ ನೆನಪಿನಲ್ಲಿ ಭದ್ರವಾಗಿದೆ.

ಹೂಗಾರರು ತರುವ ಪತ್ರಿಯಿಂದ ಲಿಂಗಪೂಜೆ ನಡೆಯಬಹುದು, ಅವರ ಮಗಳಿಂದ ಮನೆ ನಡೆಯಬಾರದು ಎಂಬ ವಿಚಾರವು ಶರಣಧರ್ಮದಲ್ಲಿ ಎಲ್ಲಿಂದ ಬಂದಿತು? ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಗಮನಿಸೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ. ಇವರೆಲ್ಲ ತಮ್ಮ ಕಾಯಕವನ್ನು ಹೆಸರಿನ ಮುಂದೆ ಇಟ್ಟುಕೊಂಡವರು. ಹಡಪವೆಂದರೆ ಎಲೆಯಡಿಕೆಯ ಚೀಲ. ಅದನ್ನು ಹೊತ್ತವರು ಬಸವಣ್ಣನವರಿಗೆ ಅತ್ಯಂತ ಹತ್ತಿರದವರು. ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು ಲಿಂಗಪೂಜೆಗೆ ಸಮಾನವೆಂದು ಸಾರುವುದಕ್ಕಾಗಿ ಆ ಹೆಸರುಗಳು ಹುಟ್ಟಿದವು. ಎಂಟು ಶತಮಾನಗಳ ನಂತರ ಅವೇ ಹೆಸರುಗಳು ನಮ್ಮ ಅರ್ಜಿಯ ಒಳಪಂಗಡದ ಕಾಲಮಿನಲ್ಲಿ ಬಂದು ಕುಳಿತಿವೆ. ಗೌರವಕ್ಕಾಗಿ ಇಟ್ಟ ಹೆಸರು ಗುರುತಿನ ಚೀಟಿಯಾಯಿತು.

ಈ ಬದಲಾವಣೆ ಮನೆಯ ಮೂಲಕವೇ ನಡೆದಿದೆ. ಕಾಯಕವು ವ್ಯಕ್ತಿಯದು, ಅವನು ಬೇಕಾದರೆ ಬಿಡಬಹುದು. ಕಸುಬು ಮನೆಯದು, ತಂದೆಯಿಂದ ಮಗನಿಗೆ ಬರತಕ್ಕದ್ದು. ಅರಸನಾಗಿದ್ದವರು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕವನ್ನು ಕೈಗೊಂಡ ಮೋಳಿಗೆಯ ಮಾರಯ್ಯನವರ ಕಥೆಯನ್ನು ನಮ್ಮ ಪುರಾಣಗಳು ಭಕ್ತಿಯಿಂದ ಹಾಡುತ್ತವೆ. ಕಾಶ್ಮೀರದ ಅರಸರೆಂದು ಪರಂಪರೆ ಹೇಳುವ ಅವರು ತಲೆಯ ಮೇಲೆ ಹೊರೆ ಹೊತ್ತರು, ಜೊತೆಯಲ್ಲಿ ಮಡದಿ ಮಹಾದೇವಿಯವರೂ ಇದ್ದರು. ಕಾಯಕವು ಕಸುಬಾಗಿದ್ದರೆ ಈ ಕಥೆ ಸಾಧ್ಯವೇ ಇರಲಿಲ್ಲ.

ಶರಣರು ಮನೆಯ ಈ ಶಕ್ತಿಯನ್ನು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದಕ್ಕೆ ಪಂಚಸೂತಕಗಳ ನಿರಾಕರಣೆಯೇ ಸಾಕ್ಷಿ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಈ ಐದರಲ್ಲಿ ಮೊದಲ ನಾಲ್ಕು ಮನೆಯ ನಾಲ್ಕು ಗೋಡೆಗಳ ನಡುವೆ ನಡೆಯತಕ್ಕ ಸಂಗತಿಗಳು: ಹೆರಿಗೆ, ಸಾವು, ಮುಟ್ಟು, ಎಂಜಲು. ಐದನೆಯದಾದ ಜಾತಿಯನ್ನು ಬೀದಿಯ ಸಂಗತಿಯೆಂದು ಬೇರೆಯಿಡದೆ ಇವುಗಳೊಡನೆಯೇ ಸೇರಿಸಿದರು. ಮಗುವಿಗೆ ಹೊರಗಿನ ಜಾತಿಯ ಅರಿವಾಗುವುದಕ್ಕಿಂತ ಎಷ್ಟೋ ಮುಂಚೆ, ಯಾರ ಲೋಟ ಬೇರೆ, ಯಾರು ಒಳಗೆ ಬರಬಾರದು, ತಾಯಿ ಯಾವ ದಿನಗಳಲ್ಲಿ ಮೂಲೆಯಲ್ಲಿ ಕೂರಬೇಕು ಎಂಬುದರ ಅರಿವಾಗಿರುತ್ತದೆ. ಮಡಿಯನ್ನು ಪಾಲಿಸಲು ಅನುಕೂಲವೂ ಬೇಕೆಂಬುದನ್ನು ನಾವು ಮರೆಯುತ್ತೇವೆ. ಒಂದೇ ಕೋಣೆಯ ಮನೆಯಲ್ಲಿ ಬೇರೆ ಮೂಲೆ ಎಲ್ಲಿಂದ ಬರಬೇಕು? ಕಳೆ ತೆಗೆಯಲು ಕೂಲಿಗೆ ಹೋಗುವ ತಾಯಿ ತಿಂಗಳಿಗೆ ಮೂರು ದಿನ ಹೊರಗೆ ಕುಳಿತರೆ ಒಲೆ ಉರಿಯುವುದಾದರೂ ಹೇಗೆ? ಸ್ಥಿತಿವಂತರು ಪಾಲಿಸಬಲ್ಲ ಮಡಿ ಅವರ ಸಂಸ್ಕಾರವೆನಿಸಿತು. ಬಡವರು ಪಾಲಿಸಲಾಗದ್ದು ಅವರ ಸಂಸ್ಕಾರಹೀನತೆ ಎನಿಸಿತು. ಇದ್ದ ವ್ಯತ್ಯಾಸ ಕೋಣೆಗಳ ಸಂಖ್ಯೆಯದು.

ಇದಕ್ಕಿಂತ ನೋವಿನ ಉದಾಹರಣೆಯೊಂದಿದೆ. ಉತ್ತರ ಕರ್ನಾಟಕದ ದುಡಿಯುವ ಲಿಂಗಾಯತ ಮನೆಗಳಲ್ಲಿ ಗಂಡ ತೀರಿಕೊಂಡ ಹೆಣ್ಣುಮಗಳಿಗೆ ಸೀರೆ ಉಡಿಸಿ ಮತ್ತೆ ಮದುವೆ ಮಾಡುವ ಉಡಿಕೆಯ ಪದ್ಧತಿ ಹಿಂದಿನಿಂದಲೂ ಇತ್ತು. ಮುಂಬಯಿ ಪ್ರಾಂತದ ಹಳೆಯ ಗ್ಯಾಝೆಟಿಯರುಗಳು ಇದನ್ನು ದಾಖಲಿಸಿವೆ. ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಹೋರಾಡಿ 1856ರಲ್ಲಿ ಕಾನೂನಿನ ಮೂಲಕ ದೊರಕಿಸಿಕೊಟ್ಟದ್ದು ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ಬಾಳಿಕೊಂಡಿತ್ತು. ಆದರೆ ಮನೆಯಲ್ಲಿ ನಾಲ್ಕು ಕಾಸು ಸೇರಿ, ಮಗ ನೌಕರಿ ಹಿಡಿದು, ದೊಡ್ಡವರೊಡನೆ ಬೀಗತನ ಬೆಳೆಸುವ ಆಸೆ ಹುಟ್ಟಿದೊಡನೆ ಮೊದಲು ನಿಲ್ಲುತ್ತಿದ್ದದ್ದು ಈ ಉಡಿಕೆಯೇ. "ನಮ್ಮ ಮನೆಯಲ್ಲಿ ಉಡಿಕೆ ಇಲ್ಲ" ಎಂಬುದು ಬೀಗರ ಮುಂದೆ ಹೆಮ್ಮೆಯ ಮಾತಾಯಿತು. ಕೆಳಗಿನವರು ಮೇಲಿನವರ ಆಚಾರಗಳನ್ನು ಅನುಕರಿಸಿ ಮೇಲೇರಲು ಯತ್ನಿಸುವ ಕ್ರಮಕ್ಕೆ ಮೈಸೂರಿನವರೇ ಆದ ಪ್ರೊ. ಎಂ. ಎನ್. ಶ್ರೀನಿವಾಸ್ ಅವರು ಕೊಡಗಿನ ಜನರನ್ನು ಕುರಿತ ತಮ್ಮ 1952ರ ಗ್ರಂಥದಲ್ಲಿ ಸಂಸ್ಕೃತೀಕರಣವೆಂದು ಹೆಸರಿಟ್ಟರು. ವಿದ್ವಾಂಸರಿಗೆ ಅದು ಒಂದು ಪಾರಿಭಾಷಿಕ ಪದ. ನಮ್ಮ ಮನೆಗಳಲ್ಲಿ ಅದರ ಬೆಲೆ ತೆತ್ತವರು ಇಪ್ಪತ್ತರ ಪ್ರಾಯದ ವಿಧವೆಯರು. ಶರಣರು ಕೊಟ್ಟ ಸ್ವಾತಂತ್ರ್ಯಕ್ಕೆ ಹತ್ತಿರವಾಗಿದ್ದ ರೂಢಿಯನ್ನು ಕೈಬಿಟ್ಟು, ಶರಣರು ತೊರೆದುಬಂದ ರೂಢಿಯನ್ನು ತಲೆಯ ಮೇಲೆ ಹೊತ್ತುಕೊಂಡು, ಅದನ್ನೇ ಒಳ್ಳೆಯ ಮನೆತನದ ಲಕ್ಷಣವೆಂದು ನಾವು ಕರೆದೆವು.

ಮನೆಯ ಸಂಪ್ರದಾಯವೆಲ್ಲ ಕೆಟ್ಟದ್ದೆಂಬುದು ನನ್ನ ಅಭಿಪ್ರಾಯವಲ್ಲ. ಮೂವತ್ತು ವರುಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನಿಗೆ ಮನೆಯು ಮಗುವಿಗೆ ಏನೆಲ್ಲ ಕೊಟ್ಟು ಕಳುಹಿಸುತ್ತದೆ ಎಂಬುದು ಚೆನ್ನಾಗಿ ಗೊತ್ತು. ಅಂಗಡಿ ನಡೆಸುವ ಮನೆಯ ಹುಡುಗ ಏಳನೆಯ ತರಗತಿಗೆ ಬರುವ ಮೊದಲೇ ಖಾತೆಕಿರ್ದಿಯ ಪುಟಗಳನ್ನು ನೋಡಿರುತ್ತಾನೆ. ಬಡ್ಡಿಯ ಲೆಕ್ಕ ಅವನಿಗೆ ಆಟ. ಶಿಕ್ಷಕರ ಮನೆಯ ಹುಡುಗಿ "ಗೊತ್ತಿಲ್ಲ ಸರ್, ಇನ್ನೊಮ್ಮೆ ಹೇಳಿ" ಎಂದು ನಿರ್ಭಯವಾಗಿ ಕೇಳಬಲ್ಲಳು. ಕುರಿ ಕಾಯುವ ಮನೆಯಿಂದ ಬಂದ ಹುಡುಗನಿಗೆ ನಕ್ಷತ್ರಗಳನ್ನು ನೋಡಿ ರಾತ್ರಿಯ ಹೊತ್ತನ್ನು ಹೇಳುವುದು ಗೊತ್ತಿತ್ತು, ಹುಲ್ಲಿನ ಹತ್ತಾರು ಹೆಸರುಗಳು ಗೊತ್ತಿದ್ದವು. ಅದಕ್ಕೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕವೂ ಇರಲಿಲ್ಲ. ಅವನು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು, ಎಂಟನೆಯ ತರಗತಿಗೆ ಶಾಲೆ ಬಿಟ್ಟ. ನಾನು ಅವನನ್ನು ಮಂದಬುದ್ಧಿಯವನೆಂದು ಭಾವಿಸಿದ್ದೆ. ಇಂದಿಗೂ ಆ ತಪ್ಪು ನನ್ನನ್ನು ಚುಚ್ಚುತ್ತದೆ.

ಫ್ರಾನ್ಸ್ ದೇಶದ ಸಮಾಜಶಾಸ್ತ್ರಜ್ಞರಾದ ಪಿಯರ್ ಬೋರ್ಡ್ಯು ಅವರು ಇದನ್ನೇ ಸಾಂಸ್ಕೃತಿಕ ಬಂಡವಾಳವೆಂದು ಕರೆದರು. ಹೊಲಮನೆಗಳಂತೆಯೇ ಮಾತಿನ ರೀತಿ, ಪುಸ್ತಕಗಳ ಒಡನಾಟ, ದೊಡ್ಡವರ ಮುಂದೆ ಅಳುಕದೆ ನಿಲ್ಲುವ ಧೈರ್ಯ ಇವೂ ತಂದೆತಾಯಿಗಳಿಂದ ಬಳುವಳಿಯಾಗಿ ಬರುತ್ತವೆ. ಶಾಲೆಯು ಆ ಬಳುವಳಿಯನ್ನು ಮಗುವಿನ ಸ್ವಂತ ಪ್ರತಿಭೆಯೆಂದು ತಿಳಿದು ಅಂಕ ಕೊಡುತ್ತದೆ ಎಂಬುದು ಅವರ ವಾದ. ಅವರು ಸ್ವತಃ ಹಳ್ಳಿಯೊಂದರ ಅಂಚೆ ನೌಕರರ ಮಗ. ಆ ನೋಟ ಅವರಿಗೆ ಅನುಭವದಿಂದಲೇ ಬಂದಿರಬೇಕು.

ಹಾಗಾದರೆ ಬಂಡವಾಳವಿಲ್ಲದ ಮನೆಯಲ್ಲಿ ಸಂಸ್ಕಾರವೇ ಇರುವುದಿಲ್ಲವೇ? ಈ ಪ್ರಶ್ನೆಗೆ ಆಯ್ದಕ್ಕಿ ದಂಪತಿಗಳ ಜೀವನವೇ ಉತ್ತರ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಆಸೆ ಎಲ್ಲಿಂದ ಬಂದಿತೆಂದು ಗಂಡನನ್ನೇ ಕೇಳಿ, ಹೆಚ್ಚಿನದನ್ನು ಚೆಲ್ಲಿದ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಕಲ್ಯಾಣದಲ್ಲಿ ಅವರಿಗಿಂತ ಬಡ ಮನೆ ಎಷ್ಟಿದ್ದವೋ ತಿಳಿಯದು. ಅವರಿಗಿಂತ ಉನ್ನತವಾದ ಮನೆ ಇರಲಿಲ್ಲವೆಂದು ಪರಂಪರೆ ಒಪ್ಪಿಕೊಂಡಿದೆ. ಮಾರಯ್ಯಪ್ರಿಯ ಅಮರೇಶ್ವರಲಿಂಗದ ಅಂಕಿತದಲ್ಲಿ ಲಕ್ಕಮ್ಮನವರು ಬರೆದ ವಚನಗಳನ್ನು ಇಂದಿಗೂ ನಾವು ತಲೆಬಾಗಿ ಓದುತ್ತೇವೆ. ಅವರ ಮಗಳಿಗೆ ನಮ್ಮ ನೋಂದಣಿಯಲ್ಲಿ ಯಾವ ಕಾಲಂ ತುಂಬುತ್ತಿದ್ದೆವೋ!

ಮನೆ ಕೊಡಲಾರದ್ದನ್ನು ಬೇರೆಡೆಯಿಂದ ಕೊಡಬಹುದೆಂಬುದನ್ನು ನಮ್ಮ ಮಠಗಳು ಮತ್ತು ಸಮಾಜದ ಹಿರಿಯರು ಕಳೆದ ಶತಮಾನದಲ್ಲಿ ತೋರಿಸಿಕೊಟ್ಟರು. ಶಿರಸಂಗಿ ಲಿಂಗರಾಜ ದೇಸಾಯಿಯವರಿಗಿಂತ ದೊಡ್ಡ ಮನೆತನ ಆ ಸೀಮೆಯಲ್ಲಿ ಯಾವುದಿತ್ತು? 1906ರಲ್ಲಿ ಲಿಂಗೈಕ್ಯರಾದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ತಮ್ಮ ಮನೆಯ ಬಂಡವಾಳವನ್ನು ಊರ ಮಕ್ಕಳ ಬಂಡವಾಳವನ್ನಾಗಿ ಮಾಡಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವ ತನಕ ನಡೆಸಿದ ತ್ರಿವಿಧ ದಾಸೋಹವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಎಲ್ಲ ಜಾತಿಮತಗಳ ಸುಮಾರು 10,000 ಮಕ್ಕಳು ಒಂದೇ ಸಾಮೂಹಿಕ ಪ್ರಾರ್ಥನೆಯಲ್ಲಿ ಕುಳಿತು, ಒಂದೇ ಪಂಕ್ತಿಯಲ್ಲಿ ಅದೇ ಮುದ್ದೆ, ಅದೇ ಸಾರು ಉಣ್ಣುವುದನ್ನು ನೋಡಿದಾಗ ಅದರ ಮಹತ್ವ ಅನ್ನದಲ್ಲಷ್ಟೇ ಇಲ್ಲವೆಂದು ನನಗೆ ತೋರಿತು. ಬೆಳಗಿನ ಜಾವ ಏಳುವುದು, ಹೊತ್ತಿಗೆ ಸರಿಯಾಗಿ ಪುಸ್ತಕ ಹಿಡಿಯುವುದು, ಸಭೆಯಲ್ಲಿ ನಿಂತು ಸ್ಪಷ್ಟವಾಗಿ ನಾಲ್ಕು ಮಾತನಾಡುವುದು ಇವೆಲ್ಲ ಅನುಕೂಲಸ್ಥರ ಮಕ್ಕಳಿಗೆ ಮನೆಯಲ್ಲಿ ದೊರೆಯುತ್ತವೆ. ಕೂಲಿಯವರ ಮಗನಿಗೆ ಅವು ದೊರೆತದ್ದು ಮಠದ ಪ್ರಸಾದ ನಿಲಯದಲ್ಲಿ. ಅಂದರೆ ಮಠವು ಅವನಿಗೆ ಎರಡನೆಯ ಮನೆತನವಾಯಿತು.

ಡಾ. ಫ. ಗು. ಹಳಕಟ್ಟಿಯವರ ಕಾರ್ಯವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಅವರಿಗಿಂತ ಮುಂಚೆ ವಚನಗಳ ಓಲೆಗರಿಯ ಕಟ್ಟುಗಳು ಎಷ್ಟೋ ಹಳೆಯ ಮನೆಗಳ ಜಗಲಿಯ ಮೇಲೆ ಬಟ್ಟೆ ಸುತ್ತಿಕೊಂಡು ಹೂವು ವಿಭೂತಿಗಳಿಂದ ಪೂಜೆಗೊಳ್ಳುತ್ತಿದ್ದವು. ಮನೆಯ ಪದ್ಧತಿ ಅವುಗಳನ್ನು ಕಾಪಾಡಿತು ಎಂಬುದು ನಿಜ, ಅದಕ್ಕೆ ನಾವು ಋಣಿಗಳು. ಆದರೆ ಅದೇ ಪದ್ಧತಿಯು ಅವುಗಳನ್ನು ಓದಗೊಡಲಿಲ್ಲ. ಮನೆಯ ಹಿರಿಮೆಗೆ ಗುರುತಾಗಿದ್ದ ಕಟ್ಟನ್ನು ಬಿಚ್ಚಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿ, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದ ಮಹನೀಯರು ಅವರು. ಅಂದಿನಿಂದ ಮಡಿವಾಳರ ಮಗನೂ ಮಾಚಯ್ಯನವರ ವಚನವನ್ನು ತಾನೇ ಓದಿಕೊಳ್ಳುವಂತಾಯಿತು. ಮನೆಯ ಸೊತ್ತು ನಾಡಿನ ಸೊತ್ತಾಯಿತು.

ಆದರೂ ಒಂದು ಬಾಗಿಲು ತೆರೆಯಲಿಲ್ಲ. ಪ್ರಸಾದ ನಿಲಯದ ಒಂದೇ ಪಂಕ್ತಿಯಲ್ಲಿ ಹತ್ತು ವರುಷ ಉಂಡ ಹುಡುಗರು ನೌಕರಿ ಹಿಡಿದು ಮದುವೆಗೆ ನಿಂತಾಗ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗುತ್ತಾರೆ. ಪಂಕ್ತಿ ಅಲ್ಲಿಗೆ ಮುಗಿಯಿತು. ಕಲ್ಯಾಣದ ಕ್ರಾಂತಿಯು ಮುರಿದುಬಿದ್ದದ್ದೂ ಇದೇ ಹೊಸ್ತಿಲಿನಲ್ಲಿ ಎಂಬುದನ್ನು ನಾವು ಗಮನಿಸಬೇಕು. ಅನುಭವ ಮಂಟಪದಲ್ಲಿ ಎಲ್ಲರೂ ಕೂಡಿ ಕುಳಿತರು, ಮಹಾಮನೆಯಲ್ಲಿ ಎಲ್ಲರೂ ಕೂಡಿ ಉಂಡರು. ಅಷ್ಟರ ತನಕ ಬಿಜ್ಜಳನ ರಾಜ್ಯ ಸಹಿಸಿಕೊಂಡಿತು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಶರಣರಾದ ಮಧುವರಸರ ಮಗಳಿಗೂ ವಿವಾಹವಾದಾಗ ಸಹನೆ ಮುಗಿಯಿತು. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಹರಳಯ್ಯ ಮಧುವರಸರ ಜಯಂತಿ, ಉತ್ಸವ, ನಾಟಕಗಳನ್ನು ನಾವು ಏರ್ಪಡಿಸುತ್ತೇವೆ. ನಾಟಕದ ಆ ದೃಶ್ಯದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತೇವೆ. ಮರುದಿನ ಬೀಗರ ಮನೆಗೆ ಫೋನು ಮಾಡಿ "ಅವರು ಯಾರ ಪೈಕಿ?" ಎಂದು ವಿಚಾರಿಸುತ್ತೇವೆ. ಬಂದವರನ್ನು ಯಾರೆಂದು ಕೇಳದೆ ನಮ್ಮವರೆಂದು ಭಾವಿಸಬೇಕೆಂಬ ಬಸವಣ್ಣನವರ ವಚನವನ್ನು ಲಗ್ನಪತ್ರಿಕೆಯ ತಲೆಯಲ್ಲಿ ಅಚ್ಚು ಹಾಕಿಸುವವರೂ ನಾವೇ. ಯಾರೆಂದು ಕೂಲಂಕಷವಾಗಿ ಕೇಳಿ ಮುಗಿಸಿದ ಮೇಲೆ ತಾನೇ ಆ ಪತ್ರಿಕೆ ಅಚ್ಚಾಗುವುದು?

ಹಿರಿಯರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೇರೆ ಮನೆಗೆ ಹೋಗುವ ಹೆಣ್ಣುಮಗಳಿಗೆ ಅಲ್ಲಿಯ ರೀತಿನೀತಿಗಳು ಹೊಂದಬೇಕು, ಒಂದೇ ಬಗೆಯ ಮನೆಯಾದರೆ ಮಗು ಸುಖವಾಗಿರುತ್ತದೆ ಎಂಬ ಮಾತಿನಲ್ಲಿ ತಂದೆತಾಯಿಗಳ ಪ್ರೀತಿಯಿದೆ. ಆದರೆ ನಮ್ಮ ನೋಂದಣಿ ಪುಸ್ತಕವೇ ಬೇರೆ ಮಾತನ್ನು ಹೇಳುತ್ತದೆ. ಒಳಪಂಗಡ ಒಂದೇ ಆಗಿದ್ದರೆ ತುಮಕೂರಿನ ಮುದ್ದೆಯುಣ್ಣುವ ಹುಡುಗಿಯನ್ನು ಕಲಬುರಗಿಯ ಖಡಕ್ ರೊಟ್ಟಿಯ ಮನೆಗೆ ಕೊಡಲು ಯಾರೂ ಹಿಂಜರಿಯುವುದಿಲ್ಲ. ಮಾತು ಬೇರೆ, ಊಟ ಬೇರೆ, ಸೀರೆ ಉಡುವ ಬಗೆ ಬೇರೆ, ಅತ್ತೆಯನ್ನು ಕರೆಯುವ ಹೆಸರೂ ಬೇರೆ. ಅವೆಲ್ಲ ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತವೆ ಎಂದು ಸಮಾಧಾನ ಹೇಳುತ್ತೇವೆ. ಅದೇ ಓಣಿಯಲ್ಲಿ ಬೆಳೆದು, ಅದೇ ರೊಟ್ಟಿ ತಿಂದು, ಅದೇ ಮಾತನಾಡುವ ಹೂಗಾರರ ಹುಡುಗಿಯ ಪದ್ಧತಿ ಮಾತ್ರ ಹೊಂದುವುದಿಲ್ಲ! ಆದ್ದರಿಂದ ಇಲ್ಲಿ ಅಡ್ಡಬರುವುದು ರೀತಿನೀತಿಯಲ್ಲ, ಅಂತಸ್ತು. ಅಂತಸ್ತಿಗೆ ನಾವು ಪದ್ಧತಿಯೆಂಬ ಸೌಮ್ಯವಾದ ಹೆಸರನ್ನಿಟ್ಟಿದ್ದೇವೆ.

ಸರ್ಕಾರಿ ಕಚೇರಿಗಳಲ್ಲಿ ಒಳಪಂಗಡವನ್ನು ಬರೆಯಬೇಕಾಗಿ ಬರುವುದು ಬೇರೆಯ ವಿಚಾರ. ಹಿಂದುಳಿದ ಮನೆಗಳ ಮಕ್ಕಳಿಗೆ ಸಲ್ಲಬೇಕಾದ ಸೌಲಭ್ಯಗಳ ಪ್ರಶ್ನೆ ಅಲ್ಲಿದೆ. ಹುಟ್ಟಿದ ಮನೆಯ ಕಾರಣದಿಂದ ಹಿಂದುಳಿದವರನ್ನು ಗುರುತಿಸದೆ ಕೈಹಿಡಿದು ಮೇಲೆತ್ತುವುದು ಸಾಧ್ಯವಿಲ್ಲ. ನಮ್ಮ ಶ್ರೀಮಠದ ನೋಂದಣಿಗೆ ಅಂಥ ಯಾವ ಕಾರಣವೂ ಇರಲಿಲ್ಲ. ಲಿಂಗದೀಕ್ಷೆ ಪಡೆದವರಿಗೆ ಪೂರ್ವಾಶ್ರಯವನ್ನು ಎಣಿಸಬಾರದೆಂದು ಪೀಠದಿಂದ ಬೋಧಿಸುವ ಮಠದ ಕಚೇರಿಯಲ್ಲಿಯೇ ಪೂರ್ವಾಶ್ರಯಕ್ಕೆಂದು ಒಂದು ಕಾಲಂ ಇತ್ತು.

ಕಳೆದ ಶ್ರಾವಣದ ಪ್ರವಚನ ಮುಗಿದ ಮೇಲೆ ಈ ವಿಷಯವನ್ನು ಪೂಜ್ಯರ ಸನ್ನಿಧಿಯಲ್ಲಿ ನಿವೇದಿಸಿದೆ. ಅವರು ಅರ್ಜಿಯ ಪ್ರತಿಯೊಂದನ್ನು ತರಿಸಿ ಓದಿ, "ಇದು ಯಾವಾಗಿನಿಂದ ಇದೆ?" ಎಂದು ಕೇಳಿದರು. ಮೊದಲಿನಿಂದಲೂ ಇದೆ ಬುದ್ಧಿ ಎಂದೆ. ಸಮಿತಿಯಲ್ಲಿ ಎರಡು ಸಭೆಗಳು ಈ ಒಂದು ಕಾಲಮಿಗಾಗಿಯೇ ನಡೆದವು. ಅದನ್ನು ತೆಗೆದು ಆ ಜಾಗದಲ್ಲಿ 'ಮನೆಯ ಮೂಲ ಕಾಯಕ' ಎಂದು ಸೇರಿಸೋಣವೆಂದು ಹಿರಿಯ ಸದಸ್ಯರೊಬ್ಬರು ಸಲಹೆ ಕೊಟ್ಟರು. ಹಳೆಯದನ್ನೇ ಶರಣರ ಭಾಷೆಯಲ್ಲಿ ಬರೆದಂತಾಗುತ್ತದೆಂದು ನಾನು ವಿರೋಧಿಸಿದೆ. ಕೊನೆಗೆ ಕಾಲಂ ಹೋಯಿತು, ಜಾಗ ಖಾಲಿ ಉಳಿಯಿತು.

ಹೊಸ ಅರ್ಜಿ ಜಾರಿಗೆ ಬಂದ ಮೇಲೆ ಕೆಲವು ಮನೆಗಳವರು ತಮ್ಮ ಮಕ್ಕಳ ಹೆಸರುಗಳನ್ನು ಹಿಂದಕ್ಕೆ ಪಡೆದಿದ್ದಾರೆ. ಉಳಿದವರಲ್ಲಿ ಅನೇಕರು ಫೋನು ಮಾಡಿ ಯಾರ ಪೈಕಿ ಎಂದು ಕೇಳುವುದನ್ನು ಬಿಟ್ಟಿಲ್ಲ. ಆ ಮಾಹಿತಿ ಮಠದಲ್ಲಿ ಇಲ್ಲವೆಂದು ಹೇಳುತ್ತಿದ್ದೇವೆ. ಅವರು ಬೇರೆ ಕಡೆಯಿಂದ ತಿಳಿದುಕೊಳ್ಳುತ್ತಾರೆಂಬುದೂ ನಮಗೆ ಗೊತ್ತು. ಹೂಗಾರ ಭಕ್ತರು ಇಂದಿಗೂ ಸೋಮವಾರದಂದು ಕರ್ತೃ ಗದ್ದುಗೆಗೆ ಪತ್ರಿ ತರುತ್ತಾರೆ. ಮಗಳ ಮದುವೆಯ ಸುದ್ದಿಯನ್ನು ಅವರೂ ಎತ್ತಿಲ್ಲ, ಕೇಳುವ ಮುಖ ನನಗೂ ಇಲ್ಲ.

ಹಳೆಯ ಅರ್ಜಿಗಳ ಕಟ್ಟು ಇನ್ನೂ ಕಚೇರಿಯ ಕಪಾಟಿನಲ್ಲಿದೆ. ಅದರಲ್ಲಿ ನನ್ನ ಮಗನ ಅರ್ಜಿಯೂ ಇದೆ. ಒಳಪಂಗಡದ ಕಾಲಮನ್ನು ನಾನೇ ದುಂಡಾದ ಅಕ್ಷರಗಳಲ್ಲಿ ತುಂಬಿದ್ದೇನೆ.